ಒಂದೂವರೆ ಸಾವಿರದೊಳಗೆ 25 ತಾಂಬೂಲದ ಚೀಲ, ಒಂದು ಕುಲಾವಿ: ನೂಲು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪ್ರಶ್ನೆ: ನಾನು ದಾವಣಗೆರೆಯವಳು. ಇನ್ನು ಒಂದೂವರೆ ತಿಂಗಳಿಗೆ ತಂಗಿಯ ಮಗುವಿನ ನಾಮಕರಣ. ಬರುವ ಸುಮಾರು 25 ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ನಾನೇ ಹೆಣೆದ ಏನಾದರೂ ಕೊಡಬೇಕು, ಮಗುವಿಗೂ ಒಂದು ಉಡುಗೊರೆ ಆಗಬೇಕು ಎಂಬ ಆಸೆ. ಕ್ರೋಶೆಯಲ್ಲಿ ಸರಪಳಿ, ಸಿಂಗಲ್, ಡಬಲ್ ಇಷ್ಟು ಬರುತ್ತದೆ. ಕೈಯಲ್ಲಿರುವುದು 1,500 ರೂಪಾಯಿ. ಅಂಗಡಿಯಲ್ಲಿ ಆಕ್ರಿಲಿಕ್ ಉಲ್ಲನ್ ಅಗ್ಗ, ಕಾಟನ್ ಉಂಡೆ ದುಬಾರಿ. ಮನೆಯಲ್ಲಿ ಮೂರು ಹಳೆಯ ಸ್ವೆಟರ್, ಅಜ್ಜಿಯ ಒಂದೆರಡು ಕಾಟನ್ ಸೀರೆ ಇವೆ. ಯಾವ ಉಲ್ಲನ್ ತಗೊಳ್ಳಲಿ? ಏನು ಮಾಡಲಿ?

ಉತ್ತರ: ಯಾವ ಉಲ್ಲನ್ ಎಂದು ಮೊದಲು ಕೇಳಿದ್ದೀರಿ, ಏನು ಮಾಡಲಿ ಎಂದು ಆಮೇಲೆ. ಈ ಎರಡರ ಕ್ರಮ ಬದಲಾಯಿಸಿದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹೆಣಿಗೆಯಲ್ಲಿ ಖರ್ಚನ್ನು ಏರಿಸುವುದು ನೂಲಿನ ಬೆಲೆಗಿಂತ ಹೆಚ್ಚಾಗಿ ನಾವು ಆರಿಸುವ ವಸ್ತು. ಒತ್ತಾಗಿ ಹೆಣೆಯುವ ಗೊಂಬೆ, ಉಬ್ಬು ಹೂವಿನ ತೋರಣ, ಗಟ್ಟಿ ಪರ್ಸು ಇವೆಲ್ಲ ನೂಲನ್ನು ನುಂಗುತ್ತವೆ. ಅಗ್ಗದ ಉಲ್ಲನ್ನಿನಲ್ಲಿ ಅಂಥ 25 ವಸ್ತು ಮಾಡುವ ಬದಲು, ಒಳ್ಳೆಯ ಹತ್ತಿ ನೂಲಿನಲ್ಲಿ ಕಡಿಮೆ ನೂಲು ಹಿಡಿಯುವ 25 ವಸ್ತು ಮಾಡಿ. ಖರ್ಚು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಪಡೆದವರು ಅದನ್ನು ವರ್ಷಗಟ್ಟಲೆ ಬಳಸುತ್ತಾರೆ.

ತಾಂಬೂಲಕ್ಕೆ ನನ್ನ ಸಲಹೆ ಒಂದೇ: ಜಾಲರಿ ಚೀಲ. ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು ಹಿಡಿಸುವಷ್ಟು ಚಿಕ್ಕದು. ಕಾಯಿ ಒಳಗೆ ಕೂತ ಕೂಡಲೇ ಜಾಲರಿ ಅದರ ಮೈಗೆ ಅಂಟಿಕೊಂಡು ತುಂಬ ಚೆಂದ ಕಾಣುತ್ತದೆ. ಕಾರ್ಯ ಮುಗಿದ ಮೇಲೆ ಅದೇ ಚೀಲ ಅಡುಗೆಮನೆಯ ಮೊಳೆಗೆ ನೇತು ಬಿದ್ದು ಬೆಳ್ಳುಳ್ಳಿ, ನಿಂಬೆಹಣ್ಣು ಹಿಡಿದುಕೊಳ್ಳುತ್ತದೆ. ಇಂಥ ಒಂದು ಚೀಲಕ್ಕೆ ಮಧ್ಯಮ ದಪ್ಪದ ಹತ್ತಿ ನೂಲು ಸುಮಾರು 20 ಗ್ರಾಂ ಸಾಕು. ಅದೇ ಅಳತೆಯ ಚೀಲವನ್ನು ಸಿಂಗಲ್ ಕ್ರೋಶೆಯಲ್ಲಿ ಒತ್ತಾಗಿ ಹೆಣೆದರೆ ಎರಡು ಪಟ್ಟಿಗೂ ಹೆಚ್ಚು ನೂಲು ಬೇಕು, ಸಮಯವೂ ಹಾಗೆಯೇ. 25 ಚೀಲಕ್ಕೆ 500 ಗ್ರಾಂ, ವ್ಯರ್ಥಕ್ಕೆಂದು ಹತ್ತನೆಯ ಒಂದು ಭಾಗ ಸೇರಿಸಿದರೆ 550 ಗ್ರಾಂ.

ಈ ಲೆಕ್ಕವನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಪ್ರತಿಯೊಬ್ಬರ ಕೈಬಿಗಿ ಬೇರೆ. ಮೊದಲ ಚೀಲವನ್ನು ಪೂರ್ತಿ ಮುಗಿಸಿ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ಆಮೇಲೆ 25ರಿಂದ ಗುಣಿಸಿ. ತಕ್ಕಡಿ ಇಲ್ಲದಿದ್ದರೆ ಪರಿಚಯದ ಕಿರಾಣಿ ಅಂಗಡಿಯವರು ತೂಗಿಕೊಡುತ್ತಾರೆ. ಹಾಸು, ಶಾಲು, ಟೇಬಲ್ ಕವರ್ ಯಾವುದೇ ಇರಲಿ, ದೊಡ್ಡ ಕೆಲಸಕ್ಕೆ ಮುಂಚೆ 10 ಸೆಂಟಿಮೀಟರ್ ಚೌಕದ ಒಂದು ತುಂಡು ಹೆಣೆದು ತೂಗಿದರೆ ಒಟ್ಟು ಎಷ್ಟು ನೂಲು ಬೇಕೆಂದು ಗೊತ್ತಾಗುತ್ತದೆ. ಈ ತೂಕ ಮಾಡದೆ ‘ಇರಲಿ, ಇನ್ನೆರಡು ಉಂಡೆ’ ಎಂದು ತಂದ ನೂಲೇ ಎಲ್ಲರ ಮನೆಯ ಕಪಾಟಿನಲ್ಲೂ ತುಂಬಿರುತ್ತದೆ.

ಇನ್ನು ನೂಲು. ಕ್ರೋಶೆಗೆಂದೇ ಚೀಟಿ ಅಂಟಿಸಿ ಮಾರುವ ಚಿಕ್ಕ ಕಾಟನ್ ಉಂಡೆಗಳಲ್ಲಿ ನೂಲಿನ ಬೆಲೆಯ ಜೊತೆ ಬಣ್ಣ, ಸುತ್ತುವಿಕೆ, ಪೊಟ್ಟಣ ಎಲ್ಲದರ ಬೆಲೆಯೂ ಸೇರಿರುತ್ತದೆ. ನಿಮಗೆ ಬೇಕಾಗಿರುವುದು ಅರ್ಧ ಕೆಜಿ, ಅದೂ ಒಂದೆರಡು ಬಣ್ಣದಲ್ಲಿ. ಹಾಗಾಗಿ ತೂಕದ ಮೇಲೆ ಮಾರುವ ನೂಲನ್ನು ಹುಡುಕಿ. ಇದಕ್ಕೆ ಎರಡು ದಾರಿಗಳಿವೆ.

ಒಂದು, ನೇಕಾರರು ಬಳಸುವ ಕೋನ್ ನೂಲು, ಅಂದರೆ ಶಂಕುವಿನ ಆಕಾರದ ದೊಡ್ಡ ಸುರುಳಿಯಲ್ಲಿ ಬರುವ ನೂಲು. ಗದಗ-ಬೆಟಗೇರಿ, ರಬಕವಿ-ಬನಹಟ್ಟಿ ಕಡೆ ನಿಮಗೆ ನೆಂಟರಿದ್ದರೆ ತರಿಸಿಕೊಳ್ಳುವುದು ಸುಲಭ. ಅಲ್ಲಿ ನೂಲನ್ನು ಕೌಂಟಿನ ಲೆಕ್ಕದಲ್ಲಿ ಕೇಳಬೇಕು. ಕೌಂಟ್ ಎಂದರೆ ಒಂದು ಪೌಂಡ್ ತೂಕದ ಹತ್ತಿಯಲ್ಲಿ 840 ಗಜದ ಲಡಿಗಳು (ಉದ್ದಕ್ಕೆ ಸುತ್ತಿ ಕಟ್ಟಿದ ನೂಲಿನ ಕಟ್ಟುಗಳು) ಎಷ್ಟು ಬರುತ್ತವೆ ಎಂಬ ಎಣಿಕೆ. ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ. 2/20 ಎಂದರೆ 20ನೇ ಕೌಂಟಿನ ಎರಡು ಎಳೆಗಳನ್ನು ಹುರಿಮಾಡಿದ್ದು. ಅದು 100 ಗ್ರಾಮಿಗೆ ಸುಮಾರು 1,700 ಮೀಟರ್ ಬರುತ್ತದೆ, ಒಂಟಿಯಾಗಿ ಹೆಣೆಯಲು ತೀರಾ ತೆಳು. ಆರು ಎಳೆಗಳನ್ನು ಒಟ್ಟಿಗೆ ಹಿಡಿದರೆ 100 ಗ್ರಾಮಿಗೆ 280 ಮೀಟರ್ ಆಗಿ, 3 ಮಿಲಿಮೀಟರ್ ಕ್ರೋಶೆ ಕಡ್ಡಿಗೆ ಸರಿಹೊಂದುತ್ತದೆ. ಕೋನಿನ ನೂಲನ್ನು ತೂಗಿ ಆರು ಸಮ ಉಂಡೆ ಮಾಡಿ, ಒಂದು ಬಕೆಟ್ಟಿನಲ್ಲಿಟ್ಟು ಆರೂ ತುದಿಗಳನ್ನು ಒಟ್ಟಿಗೆ ಎಳೆದುಕೊಳ್ಳಿ. ಕಡ್ಡಿ ಒಂದೆರಡು ಎಳೆಗಳನ್ನು ಬಿಟ್ಟು ಮಿಕ್ಕದ್ದನ್ನು ಮಾತ್ರ ಎಳೆಯುವುದುಂಟು. ಮೊದಲ ಸುತ್ತಿನಲ್ಲಿ ನಿಧಾನವಾಗಿ ಹೋದರೆ ಕೈಗೆ ಅಭ್ಯಾಸವಾಗುತ್ತದೆ. ಬಣ್ಣ ಬೆರೆಸುವುದಕ್ಕೂ ಇದು ಒಳ್ಳೆಯ ದಾರಿ: ನಾಲ್ಕು ಎಳೆ ಕೆಂಪು, ಎರಡು ಎಳೆ ಹಳದಿ ಹಿಡಿದರೆ ಯಾವ ಅಂಗಡಿಯಲ್ಲೂ ಸಿಗದ ಕುಂಕುಮದ ಬಣ್ಣ ಬರುತ್ತದೆ.

ಎರಡನೆಯದು ಇನ್ನೂ ಹತ್ತಿರದ್ದು. ಹಗ್ಗ, ಗೋಣಿಚೀಲ ಮಾರುವ ಅಂಗಡಿಗಳಲ್ಲಿ ಪೊಟ್ಟಣ ಕಟ್ಟುವ ಹತ್ತಿ ದಾರ ಸಿಗುತ್ತದಲ್ಲ, ಅದು. ಕೊಳ್ಳುವಾಗ ತುದಿ ಸುಟ್ಟು ನೋಡಿ (ಹತ್ತಿಯನ್ನು ಗುರುತಿಸುವ ಬಗೆ ಮುಂದೆ ಸ್ವೆಟರಿನ ಮಾತಿನಲ್ಲಿದೆ), ಈಗ ಅದರಲ್ಲಿ ಪಾಲಿಯೆಸ್ಟರ್ ದಾರವೂ ಬರುತ್ತಿದೆ. ಹೂ ಕಟ್ಟುವ ದಾರದಷ್ಟು ತೆಳುವಾದದ್ದು ಬೇಡ, ಸ್ವಲ್ಪ ದಪ್ಪನೆಯದೇ ಇರಲಿ. ಕೈಗೆ ಒರಟು ಎನಿಸುವುದು ಹತ್ತಿಯ ಮೇಲಿನ ಮೇಣದಂಥ ಅಂಶದಿಂದ. ದಾರವನ್ನು ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಮತ್ತು ಸ್ವಲ್ಪ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ನೀರು ಹಳದಿ-ಕಂದಾಗಿ ಇಳಿಯುವುದು ಕಾಣುತ್ತದೆ. ಚೆನ್ನಾಗಿ ಜಾಲಿಸಿ ನೆರಳಲ್ಲಿ ಒಣಗಿಸಿದರೆ ದಾರ ಮೆತ್ತಗಾಗಿ, ಬಣ್ಣ ಹೀರಲು ಸಿದ್ಧವಾಗಿರುತ್ತದೆ. ಅಡುಗೆ ಪಾತ್ರೆ ಬಳಸಬೇಡಿ, ಹಳೆಯ ಸ್ನಾನದ ನೀರಿನ ಪಾತ್ರೆ ಸಾಕು.

ಬಣ್ಣದ ವಿಷಯದಲ್ಲಿ ನಿಮ್ಮ ಜಿಲ್ಲೆಗೆ ಒಂದು ಭಾಗ್ಯವಿದೆ. ಚನ್ನಗಿರಿ ಅಡಿಕೆಯ ಸೀಮೆ. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಬಟ್ಟೆಗೆ ತಾಗಿದರೆ ಏನು ಮಾಡಿದರೂ ಹೋಗುವುದಿಲ್ಲ ಎಂಬುದು ಅಲ್ಲಿನ ಪ್ರತಿ ಮನೆಗೂ ಗೊತ್ತು. ಆ ಗುಣವೇ ಇಲ್ಲಿ ನಮಗೆ ಬೇಕಾದದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘ ಚೊಗರಿನಂಥ ನೈಸರ್ಗಿಕ ಬಣ್ಣಗಳಲ್ಲೇ ಕೈಮಗ್ಗದ ಬಟ್ಟೆ ಮಾಡಿ ಹೆಸರು ಗಳಿಸಿತು. ಒಂದು ಬಾಟಲಿ ಚೊಗರು ಸಿಕ್ಕರೆ ನೀರು ಬೆರೆಸಿ, ಒದ್ದೆ ಮಾಡಿದ ಲಡಿಯನ್ನು ಅದರಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು, ರಾತ್ರಿಯೆಲ್ಲ ಹಾಗೇ ತಣಿಯಲು ಬಿಡಿ. 100 ಗ್ರಾಂ ನೂಲಿಗೆ 10ರಿಂದ 15 ಗ್ರಾಂ ಪಟಿಕ ಬಿಸಿನೀರಿನಲ್ಲಿ ಕರಗಿಸಿ ಸೇರಿಸಿದರೆ ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಬರುವುದು ಕೆಂಪು ಮಿಶ್ರಿತ ಕಂದು, ಎಲೆ-ಅಡಿಕೆಯ ಜೊತೆ ಅದಕ್ಕಿಂತ ಒಪ್ಪುವ ಬಣ್ಣ ನನಗೆ ತೋಚುವುದಿಲ್ಲ. ಅರಿಶಿನದಲ್ಲಿ ಮಾತ್ರ ಬಣ್ಣ ಹಾಕಲು ಹೋಗಬೇಡಿ. ಮೊದಲ ದಿನ ಹೊಳೆಯುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ. ಕೊಟ್ಟ ಉಡುಗೊರೆ ಒಂದೇ ಒಗೆತಕ್ಕೆ ಕಲೆಗಟ್ಟಿದಂತೆ ಕಾಣಬಾರದು.

ಚೀಲ ಹೆಣೆಯುವ ಬಗೆ ಹೀಗೆ. ಆರು ಸರಪಳಿ ಹಾಕಿ ಉಂಗುರ ಮಾಡಿ, ಅದರೊಳಗೆ 12 ಡಬಲ್ ಕ್ರೋಶೆ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡು, ಒಟ್ಟು 24. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, ಒಟ್ಟು 36. ಇದು ತಳ. ಇದನ್ನು ಮಾತ್ರ ಒತ್ತಾಗಿ ಹೆಣೆಯಬೇಕು, ಭಾರವೆಲ್ಲ ಕೂರುವುದು ಇಲ್ಲೇ. ನಾಲ್ಕನೇ ಸುತ್ತಿನಿಂದ ಜಾಲರಿ: ಐದು ಸರಪಳಿ, ಒಂದು ಹೊಲಿಗೆ ಬಿಟ್ಟು ಮುಂದಿನದರಲ್ಲಿ ಸಿಂಗಲ್ ಕ್ರೋಶೆ. ಹೀಗೆ 18 ಕುಣಿಕೆಗಳಾಗುತ್ತವೆ. ಮುಂದಿನ ಸುತ್ತುಗಳಲ್ಲಿ ಪ್ರತಿ ಕುಣಿಕೆಯ ನಡುವೆ ಸಿಂಗಲ್ ಕ್ರೋಶೆ ಹಾಕುತ್ತ, ಐದೈದು ಸರಪಳಿಯ ಕುಣಿಕೆಗಳನ್ನೇ 11 ಅಥವಾ 12 ಸುತ್ತು ಏರಿಸಿ. ಈ ಹಂತದಲ್ಲಿ ಒಂದು ಕಾಯಿಯನ್ನು ಒಳಗಿಟ್ಟು ನೋಡಿ. ಜಾಲರಿ ಭಾರಕ್ಕೆ ಇಳಿಯುತ್ತದೆ, ಆದ್ದರಿಂದ ಸ್ವಲ್ಪ ಚಿಕ್ಕದಾಯಿತು ಎನಿಸಿದಾಗಲೇ ನಿಲ್ಲಿಸುವುದು ಸರಿ. ಬಾಯಿಗೆ ಪ್ರತಿ ಕುಣಿಕೆಯಲ್ಲೂ ಐದು ಸಿಂಗಲ್ ಕ್ರೋಶೆ, ಒಟ್ಟು 90, ಮೂರು ಸುತ್ತು. ನೂಲು ಉಳಿಸಲೆಂದು ಇಲ್ಲಿ ಮೂರು ಮೂರು ಹಾಕಿದರೆ ಬಾಯಿ ಕಿರಿದಾಗಿ ಕಾಯಿ ಒಳಗೆ ಹೋಗುವುದೇ ಇಲ್ಲ.

ಹಿಡಿಕೆಯಲ್ಲಿ ಜಿಪುಣತನ ಬೇಡ. ಹತ್ತಿ ನೂಲಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ, ಬರೀ ಸರಪಳಿಯ ಹಿಡಿಕೆ ಒಂದೇ ವಾರದಲ್ಲಿ ಮೊಣಕಾಲಿಗೆ ಇಳಿಯುತ್ತದೆ. ಐದು ಹೊಲಿಗೆ ಅಗಲ, 30 ಸೆಂಟಿಮೀಟರ್ ಉದ್ದದ ಸಿಂಗಲ್ ಕ್ರೋಶೆ ಪಟ್ಟಿ ಹೆಣೆದು, ಎರಡೂ ತುದಿಗಳನ್ನು ಬಾಯಿಯ ಮೂರು ಸುತ್ತಿಗೂ ಸೇರಿಸಿ ಹೊಲಿಯಿರಿ. ಉಳಿದ ದಾರದ ತುದಿಗಳನ್ನು ಸೂಜಿಯಿಂದ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಹಾಯಿಸಿ. ಗಂಟು ಹಾಕಿ ಕತ್ತರಿಸಿದ ತುದಿ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ, ಕೈಕೆಲಸದ ಮರ್ಯಾದೆ ಹೋಗುವುದು ಬಹುತೇಕ ಈ ಒಂದು ಜಾಗದಲ್ಲೇ.

ಒಂದು ಚೀಲಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ದಿನಕ್ಕೆ ಒಂದೂವರೆ ಗಂಟೆ ಕೂತರೆ ಒಂದೂವರೆ ತಿಂಗಳಲ್ಲಿ 25 ಮುಗಿಯುತ್ತವೆ, ಆದರೆ ಬಹಳ ದಿನ ಮಿಗುವುದಿಲ್ಲ. ಎಲ್ಲ ತಳಗಳನ್ನು ಮೊದಲು, ಆಮೇಲೆ ಎಲ್ಲ ಜಾಲರಿ ಎಂದು ಹೋಗದೆ ಒಂದೊಂದನ್ನೇ ಪೂರ್ತಿ ಮುಗಿಸಿ ಇಡಿ. ಯಾವ ದಿನ ಕೆಲಸ ನಿಂತರೂ ಕೊಡಲು ಬರುವ ಚೀಲಗಳು ಕೈಯಲ್ಲಿರುತ್ತವೆ.

ಮಗುವಿನ ಉಡುಗೊರೆಯಲ್ಲಿ ನಾನು ಲೆಕ್ಕಾಚಾರ ಸಡಿಲಿಸುತ್ತೇನೆ. ಇಲ್ಲಿ ನೂಲು ಉಳಿಸಬಾರದು. ಬರೀ ಕಾಟನ್ ಎಂದು ಬರೆದ, ಮೆತ್ತನೆಯ ಎರಡು ಉಂಡೆ ಕೊಳ್ಳಿ. ‘ಮಿಲ್ಕ್ ಕಾಟನ್’ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಆಕ್ರಿಲಿಕ್ ಬೆರೆತಿರುತ್ತದೆ, ಚೀಟಿ ಓದಿ. ಕೊಳ್ಳುವ ಮುನ್ನ ಅಂಗೈಗಲ್ಲ, ಕತ್ತಿನ ಪಕ್ಕಕ್ಕೆ ಉಜ್ಜಿ ನೋಡಿ. ಅಲ್ಲಿ ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ. ದಾವಣಗೆರೆಯ ಸೆಖೆಗೆ ಆಕ್ರಿಲಿಕ್ ಸ್ವೆಟರ್, ಟೋಪಿ ಎರಡೂ ಬೇಡ; ಆ ನೂಲು ಬೆವರು ಹೀರುವುದಿಲ್ಲ.

ಮಾಡಬೇಕಾದದ್ದು ಕುಲಾವಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಮೂರು ತಿಂಗಳ ಹೊತ್ತಿಗೆ 40ರ ಆಸುಪಾಸು. ನಾಮಕರಣ ಹನ್ನೆರಡನೇ ದಿನವೋ ಮೂರನೇ ತಿಂಗಳೋ ನೋಡಿಕೊಂಡು, ಆ ಅಳತೆಗಿಂತ ಎರಡು ಸೆಂಟಿಮೀಟರ್ ಕಡಿಮೆ ಹೆಣೆಯಿರಿ, ಹೆಣಿಗೆ ಹಿಗ್ಗುತ್ತದೆ. ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ಲಾಡಿ ಇರುವುದು ನಮ್ಮ ಹಳೆಯ ಪದ್ಧತಿ, ನೋಡಲು ಅಂದ. ಆದರೆ ನಾನು ಲಾಡಿ ಹಾಕಬೇಡಿ ಎನ್ನುತ್ತೇನೆ. ಉದ್ದನೆಯ ದಾರ ಕತ್ತಿಗೆ ಬಿಗಿಯುವ ಅಪಾಯ ಸಣ್ಣದಲ್ಲ. ಮಣಿ, ಗುಂಡಿ, ಉಲ್ಲನ್ ಚೆಂಡು ಹೊಲಿಯಬೇಡಿ. ಕಿತ್ತುಬಂದರೆ ಅದು ಹೋಗುವುದು ಬಾಯಿಗೆ. ದೊಡ್ಡ ರಂಧ್ರದ ಜಾಲರಿ ಹೆಣಿಗೆ ಚೀಲಕ್ಕೆ ಸರಿ, ಮಗುವಿನ ಹೊದಿಕೆಗೂ ಕಾಲುಚೀಲಕ್ಕೂ ಬೇಡ, ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ. ಕಾಲುಚೀಲ ಹೆಣೆದರೆ ಒಳಗಡೆ ಸಡಿಲ ಎಳೆ ಒಂದೂ ಇರದಂತೆ ತಿರುವಿ ನೋಡಿ, ಬೆರಳಿಗೆ ಸುತ್ತಿಕೊಂಡ ಒಂದು ಎಳೆ ರಕ್ತ ಓಡಾಟವನ್ನೇ ತಡೆಯಬಲ್ಲದು. ಮಗು ಮಲಗಿದಾಗ ಕುಲಾವಿ ತೆಗೆದಿಡಬೇಕೆಂದು ತಂಗಿಗೂ ಹೇಳಿ. ಮಗುವಿನ ಮೈಬಿಸಿ ಹೊರಹೋಗಲು ತಲೆ ತೆರೆದಿರಬೇಕು.

ಉಳಿದ ಚೂರುಪಾರು ನೂಲಿನಲ್ಲಿ ತೊಟ್ಟಿಲಿಗೆ ನಾಲ್ಕು ಗಿಳಿ ಮಾಡಿ ತೂಗುಹಾಕಬಹುದು. ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ, ಮಗು ಕೈಯೂರಿ ಏಳಲು ಶುರುಮಾಡಿದ ಮೇಲೆ ತೆಗೆಯಬೇಕು.

ಹಳೆಯ ಸ್ವೆಟರ್‌ಗಳಿಗೆ ಬರೋಣ. ಮೊದಲು ಅವು ಯಾವುದರವೆಂದು ತಿಳಿಯಬೇಕು. ಒಳಗಿನಿಂದ ಒಂದು ಚಿಕ್ಕ ಎಳೆ ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ನುಣ್ಣನೆಯ ಬೂದಿ ಬಿಡುತ್ತದೆ. ಆಕ್ರಿಲಿಕ್ ಕರಗುತ್ತ, ಕಪ್ಪು ಹೊಗೆ ಬಿಟ್ಟು, ಕೊನೆಗೆ ಗಟ್ಟಿ ಕಪ್ಪು ಮಣಿಯಾಗುತ್ತದೆ. ಕರಗಿದ ಹನಿ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಎಚ್ಚರ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಪಾತ್ರೆ ಇಡುವ ಹಾಸು, ದೀಪದ ಕೆಳಗಿನ ಹಾಸುಗಳನ್ನು ಆಕ್ರಿಲಿಕ್‌ನಲ್ಲಿ ಎಂದೂ ಮಾಡಬಾರದು ಎನ್ನುವುದು ಇದಕ್ಕೇ. ಅಗ್ಗವೆಂದು ಅಂಥವನ್ನು ಮಾಡಿ ಮಾರುವವರೂ ಇದ್ದಾರೆ, ದಯವಿಟ್ಟು ಕೊಳ್ಳಬೇಡಿ.

ಬಿಚ್ಚುವ ಮುನ್ನ ಸ್ವೆಟರಿನ ಪಕ್ಕದ ಹೊಲಿಗೆ ನೋಡಿ. ಅಂಚನ್ನು ಕತ್ತರಿಸಿ ಓವರ್‌ಲಾಕ್ (ಅಂಚನ್ನು ಸುತ್ತಿ ಹಾಕುವ ಮೆಷಿನ್ ಹೊಲಿಗೆ) ಹಾಕಿದ್ದರೆ ಪ್ರತಿ ಸಾಲೂ ತುಂಡಾಗಿ ಬರುತ್ತದೆ, ಬಿಚ್ಚಿ ಪ್ರಯೋಜನವಿಲ್ಲ. ಅದನ್ನು ದಿಂಬಿನೊಳಗೆ ತುಂಬಿ. ಕೈಯಲ್ಲಿ ಹೆಣೆದದ್ದು, ಅಥವಾ ಅಂಚು ಸರಪಳಿಯಂತೆ ನೀಟಾಗಿರುವುದಾದರೆ ಹೊಲಿಗೆ ಬಿಚ್ಚಿ, ಕತ್ತಿನ ಕಡೆಯಿಂದ ಎಳೆಯಿರಿ. ಬಂದ ನೂಲು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ಕಟ್ಟಿ, ಸ್ವಲ್ಪ ಶಾಂಪೂ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೇತುಹಾಕಿ, ಕೆಳತುದಿಗೆ ನೀರು ತುಂಬಿದ ಸಣ್ಣ ಬಾಟಲಿ ಕಟ್ಟಿ. ಉಣ್ಣೆಯ ಗುಂಗುರು ಇದರಲ್ಲೇ ಹೋಗುತ್ತದೆ. ಅದನ್ನು ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಗಟ್ಟುತ್ತವೆ. ಆಕ್ರಿಲಿಕ್‌ಗೆ ದೂರದಿಂದ ಸ್ವಲ್ಪ ಹಬೆ ತೋರಿಸಬಹುದು. ಹೆಚ್ಚಾದರೆ ಜೀವ ಹೋದಂತೆ ಸೋತುಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಈ ನೂಲಿನಲ್ಲಿ ಬಾಗಿಲ ತೋರಣ ಮಾಡಿ ತಂಗಿಯ ಮನೆಗೆ ಕೊಡಿ. ಮೂರು ಅಡಿಯ ಬಾಗಿಲಿಗೆ ಹೆಣೆದ ಮಾವಿನೆಲೆಗಳು ಹದಿನೈದರಷ್ಟು ಬೇಕಾಗುತ್ತವೆ. ಒಗೆಯುವ, ಮೈಗೆ ತಾಗುವ ವಸ್ತುವಲ್ಲವಾದ್ದರಿಂದ ಆಕ್ರಿಲಿಕ್ ಇಲ್ಲಿ ನಡೆಯುತ್ತದೆ.

ಅಜ್ಜಿಯ ಸೀರೆಯ ಬಗ್ಗೆ ಒಂದು ಮಾತು. ಅದು ಇನ್ನೂ ಗಟ್ಟಿಯಿದ್ದರೆ ಹರಿಯಬೇಡಿ, ತಂಗಿಯ ಮಗುವಿಗೆ ಕೌದಿ ಹೊಲಿಯಿರಿ ಅಥವಾ ಹೊಲಿಸಿ. ನಮ್ಮ ನಾಡಿನಲ್ಲಿ ಹಳೆಯ ಸೀರೆಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಅಲ್ಲಲ್ಲಿ ಹರಿದಿದ್ದರೆ ಮಾತ್ರ ಉದ್ದಕ್ಕೆ 3 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹರಿಯಿರಿ. ಐದೂವರೆ ಮೀಟರ್ ಸೀರೆಯಿಂದ ಸುಮಾರು 200 ಮೀಟರ್ ಪಟ್ಟಿ ಬರುತ್ತದೆ. ಪಟ್ಟಿಗಳ ತುದಿಗೆ ಸಣ್ಣ ಸೀಳು ಮಾಡಿ ಒಂದರೊಳಗೊಂದು ಹಾಯಿಸಿ ಜೋಡಿಸಿದರೆ ಹೊಲಿಗೆ ಬೇಡ. 10 ಮಿಲಿಮೀಟರ್ ಮರದ ಕಡ್ಡಿಯಲ್ಲಿ ದುಂಡಗೆ ಹೆಣೆದರೆ ಬಾಣಂತಿ ಕೂರುವುದಕ್ಕೊಂದು ದಪ್ಪನೆಯ ಆಸನವಾಗುತ್ತದೆ.

ದುಡ್ಡಿನ ಹಂಚಿಕೆಯನ್ನು ನಾನಾದರೆ ಹೀಗಿಡುತ್ತೇನೆ: ಚೀಲಗಳ ನೂಲಿಗೆ 700ರ ಮೇಲೆ ಹೋಗುವುದಿಲ್ಲ, ಮಗುವಿನ ಕಾಟನ್‌ಗೆ 350, ಒಂದು 3 ಮಿಲಿಮೀಟರ್ ಕಡ್ಡಿಗೆ ಮತ್ತು ದೊಡ್ಡ ಕಣ್ಣಿನ ಸೂಜಿಗೆ 150. ಹನ್ನೆರಡು ಕಡ್ಡಿಗಳ ಪೆಟ್ಟಿಗೆ ಬೇಡವೇ ಬೇಡ. ಉಳಿದ 300 ಹಾಗೇ ಇರಲಿ, ನೂಲು ಸಾಲದೆ ಬಂದರೆ ಅದು ಬೇಕಾಗುತ್ತದೆ. ಅಂಗಡಿಯಲ್ಲಿ ಉಂಡೆಯ ಬೆಲೆ ಕೇಳಿ ಹೋಲಿಸಬೇಡಿ, 100 ಗ್ರಾಮಿಗೆ ಎಷ್ಟು ಎಂದು ಲೆಕ್ಕ ಹಾಕಿ. 25 ಗ್ರಾಮಿನ ಉಂಡೆ 40 ರೂಪಾಯಿ ಎಂದರೆ ಅಗ್ಗವೆನಿಸುತ್ತದೆ, 100 ಗ್ರಾಮಿಗೆ ಅದೇ 160 ಆಯಿತು. ಬಣ್ಣದ ನೂಲನ್ನು ಒಂದೇ ಸಲ ಕೊಂಡು, ಎಲ್ಲ ಚೀಟಿಗಳಲ್ಲೂ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇದೆಯೇ ನೋಡಿಕೊಳ್ಳಿ. ಬೇರೆ ಲಾಟಿನ ಕೆಂಪು ಪಕ್ಕದಲ್ಲಿಟ್ಟಾಗ ಬೇರೆಯೇ ಕಾಣುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಸಗಟು ಅಂಗಡಿಗಳಲ್ಲಿ ವಿಚಾರಿಸಲು ಹೇಳಿ, ಆದರೆ ಇದಕ್ಕಾಗಿಯೇ ಬಸ್ಸು ಹತ್ತಬೇಡಿ. ಉಳಿಸಿದ್ದೆಲ್ಲ ಟಿಕೆಟ್ಟಿಗೆ ಹೋಗುತ್ತದೆ.

ಪ್ರತಿ ಚೀಲದೊಳಗೆ ಒಂದು ಚಿಕ್ಕ ಚೀಟಿ ಇಡಿ: ‘ಹತ್ತಿ ನೂಲು. ತಣ್ಣೀರಿನಲ್ಲಿ ಒಗೆದು, ನೇತುಹಾಕದೆ, ಹರಡಿ ಒಣಗಿಸಿ.’ ಚೊಗರಿನ ಬಣ್ಣ ಹಾಕಿದ್ದರೆ ಮೊದಲೆರಡು ಸಲ ಬೇರೆಯಾಗಿ ಒಗೆಯಲು ಬರೆಯಿರಿ.

ಹತ್ತು ದಿನ ಉಳಿದಾಗ ಎಣಿಸಿ ನೋಡಿ. 20 ಚೀಲ ಆಗಿರದಿದ್ದರೆ ತೋರಣ, ಗಿಳಿ, ಆಸನ ಮೂರನ್ನೂ ಕೈಬಿಡಿ, ಅವನ್ನು ಮಗುವಿನ ಮೊದಲ ಹಬ್ಬಕ್ಕೂ ಕೊಡಬಹುದು. ಕುಲಾವಿಯನ್ನು ಮಾತ್ರ ಕೊನೆಗೆ ಉಳಿಸಬೇಡಿ. ಅದನ್ನು ಮೊದಲ ವಾರವೇ ಮುಗಿಸಿ, ಒಮ್ಮೆ ಒಗೆದು, ಒಣಗಿಸಿ ಎತ್ತಿಡಿ.